ಆಪತ್ಕಾಲದಲ್ಲಿ ಸ್ತ್ರೀ ನೇತೃತ್ವ: ದಖ್ಖನದ ಇತಿಹಾಸದಿಂದ ಮೂರು ಪ್ರಸಂಗಗಳು

ಬರಗಾಲ, ಮಹಾಮಾರಿ, ಭೂಕಂಪ ಇವು ಜನಾಂಗದ ಬಾಳಿಗೆ ಬಂದೊದಗುವ ಕಠಿನ ಪರೀಕ್ಷೆಗಳು. ಇವುಗಳ ಇತಿಹಾಸವನ್ನು ನಾವು ಶಿಕ್ಷಕರು ಓದಿದ್ದೇವೆ. ವಿದ್ಯಾರ್ಥಿಗಳಿಗೆ ಕಲಿಸಿಯೂ ಇದ್ದೇವೆ. ಯಾವ ವರ್ಷ ಮಳೆ ಹೋಯಿತು, ಎಷ್ಟು ಜನ ಸತ್ತರು, ಸರಕಾರವು ಯಾವ ಆಯೋಗವನ್ನು ನೇಮಿಸಿತು ಎಂಬುದೆಲ್ಲ ನಮ್ಮ ಟಿಪ್ಪಣಿಗಳಲ್ಲಿ ಉಂಟು. ಆದರೆ ಆ ದಿನಗಳಲ್ಲಿ ಗಂಜಿಯ ಕೇಂದ್ರವನ್ನು ನಡೆಯಿಸಿದವರು ಯಾರು? ರೋಗಿಯನ್ನು ಹೊತ್ತು ತಂದವರು ಯಾರು? ಬಿದ್ದ ಗೋಡೆಯನ್ನು ಮತ್ತೆ ಹೇಗೆ ಕಟ್ಟಬೇಕೆಂದು ಮನೆ ಮನೆಗೆ ಹೋಗಿ ತಿಳಿಸಿದವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಹೊರಟರೆ ಹೆಂಗಸರ ಹೆಸರುಗಳು ಎದುರಾಗುತ್ತವೆ. ಎದುರಾದರೂ ಅವು ಬಹುಮಟ್ಟಿಗೆ ‘ಸೇವೆ’ ಎಂಬ ಶೀರ್ಷಿಕೆಯ ಕೆಳಗೆ ಬರುತ್ತವೆ. ‘ಆಡಳಿತ’ ಎಂಬ ಶೀರ್ಷಿಕೆಯ ಕೆಳಗೆ ಬರುವುದು ಅಪರೂಪ.

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡಿಗರು ಬಾಳುತ್ತಿರುವ ನೆಲ ಮಹಾರಾಷ್ಟ್ರದ ನೆಲ. ಈ ನಾಡಿನ ಬರ ನಮ್ಮದೂ ಹೌದು; ಈ ನಾಡಿನ ಇತಿಹಾಸವೂ ನಮ್ಮದು. ಆದಕಾರಣ ಇಲ್ಲಿ ಆರಿಸಿಕೊಂಡ ಮೂರು ಪ್ರಸಂಗಗಳೂ ಈ ಒಂದೇ ಭೂಪ್ರದೇಶಕ್ಕೆ ಸೇರಿದವು: 1877ರ ಬರ, 1897ರ ಬರ ಮತ್ತು ಪ್ಲೇಗು, 1993ರ ಭೂಕಂಪ. ಆಪತ್ತು ಬಂದಾಗ ಹೆಣ್ಣಿನ ಕೈಗೆ ಬಂದ ಅಧಿಕಾರವು ಆಪತ್ತು ತೊಲಗಿದ ಮೇಲೂ ಉಳಿಯಿತೇ, ಉಳಿದಿದ್ದರೆ ಯಾವ ಕಾರಣದಿಂದ ಉಳಿಯಿತು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

1. ಓತೂರಿನಿಂದ ಬಂದ ಪತ್ರ

ಇ. ಸ. 1876ರಿಂದ 1878ರ ವರೆಗಿನ ಮಹಾಕ್ಷಾಮವು ಮುಂಬಯಿ ಇಲಾಖೆಯ ದಖ್ಖನದ ಜಿಲ್ಲೆಗಳನ್ನೂ ಹೈದರಾಬಾದ, ಮೈಸೂರು ಸಂಸ್ಥಾನಗಳನ್ನೂ ಮದ್ರಾಸ ಇಲಾಖೆಯನ್ನೂ ಒಂದೇ ಸಮನೆ ಸುಟ್ಟಿತು. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ಹತ್ತು ಲಕ್ಷ ಜನ ಅಳಿದರೆಂದು ಅಂದಾಜು. ಗಡಿಯ ಗೆರೆಗಳನ್ನು ಬರವು ಲೆಕ್ಕಿಸಲಿಲ್ಲ.

ಪುಣೆಯಲ್ಲಿ ಆಗ ಸತ್ಯಶೋಧಕ ಸಮಾಜವು ಸ್ಥಾಪನೆಯಾಗಿ ಮೂರೇ ವರ್ಷವಾಗಿತ್ತು. ಅದರ ಸ್ಥಾಪಕರಾದ ಮಹಾತ್ಮಾ ಜೋತಿರಾವ ಫುಲೆಯವರ ಪತ್ನಿ ಸಾವಿತ್ರಿಬಾಯಿಯವರನ್ನು ನಾವು 1848ರ ಹೆಣ್ಣುಮಕ್ಕಳ ಶಾಲೆಯ ಅಧ್ಯಾಪಿಕೆಯೆಂದು ಬಲ್ಲೆವು. ಆದರೆ 1877ರ ಏಪ್ರಿಲ್ 20ರಂದು ಜುನ್ನರ ತಾಲೂಕಿನ ಓತೂರಿನಿಂದ ಅವರು ಪತಿಗೆ ಬರೆದ ಪತ್ರವನ್ನು ಓದಿದಾಗ ಇನ್ನೊಬ್ಬ ಸಾವಿತ್ರಿಬಾಯಿ ಕಣ್ಣಮುಂದೆ ನಿಲ್ಲುತ್ತಾರೆ. ಜನ ಹೊಟ್ಟೆಗಿಲ್ಲದೆ ಊರು ಬಿಡುತ್ತಿರುವುದು, ದನಕರು ನೆಲಕ್ಕೊರಗುತ್ತಿರುವುದು, ಸಾಹುಕಾರರು ಈ ಸಂಕಟವನ್ನೇ ಬಂಡವಾಳ ಮಾಡಿಕೊಂಡಿರುವುದು ಎಲ್ಲವೂ ಅದರಲ್ಲಿದೆ. ಅದರೊಡನೆ ಒಂದು ಆಡಳಿತದ ಸಂಗತಿಯೂ ಇದೆ. ಪರಿಹಾರಕಾರ್ಯದಲ್ಲಿ ತೊಡಗಿದ್ದ ಸತ್ಯಶೋಧಕ ಕಾರ್ಯಕರ್ತರಲ್ಲಿ ಐವತ್ತು ಮಂದಿಯನ್ನು ಪೊಲೀಸರು ಹಿಡಿದರು. ಸಾವಿತ್ರಿಬಾಯಿಯವರು ಕಲೆಕ್ಟರನನ್ನು ಕಂಡು, ಇವರ ಮೇಲೆ ಸುಳ್ಳು ಆರೋಪವನ್ನೇಕೆ ಹೊರಿಸಿದಿರಿ ಎಂದು ಕೇಳಿದರು. ಕಲೆಕ್ಟರನು ವಿಷಯವನ್ನು ತಿಳಿದು ಅವರನ್ನು ಬಿಡಿಸಿದ್ದಲ್ಲದೆ ನಾಲ್ಕು ಬಂಡಿ ಜೋಳವನ್ನೂ ಕಳಿಸಿಕೊಟ್ಟನು.

ಈ ಘಟನೆ ಚಿಕ್ಕದೆಂದು ಯಾರಿಗಾದರೂ ತೋರಬಹುದು. ಆದರೆ ಆ ಕಾಲವನ್ನು ನೆನೆಯಿರಿ. ಶೂದ್ರರೆಂದು ಎಣಿಸಲ್ಪಟ್ಟ ಸಮಾಜದ ಒಬ್ಬ ಹೆಣ್ಣುಮಗಳು ಬ್ರಿಟಿಷ್ ಅಧಿಕಾರಿಯ ಎದುರು ನಿಂತು ತನ್ನ ಕಾರ್ಯಕರ್ತರ ಪರವಾಗಿ ವಾದಿಸಬೇಕಾದರೆ ಅದಕ್ಕೆ ಎಂಥ ಸಿದ್ಧತೆ ಬೇಕು! ಆ ಸಿದ್ಧತೆಯು ಬರಗಾಲದಲ್ಲಿ ಹುಟ್ಟಿದ್ದಲ್ಲ. ಮೂವತ್ತು ವರ್ಷಗಳ ಅಕ್ಷರಾಭ್ಯಾಸ, ಶಾಲೆ ನಡೆಯಿಸಿದ ಅನುಭವ, 1863ರಲ್ಲಿ ನಿರಾಶ್ರಿತ ವಿಧವೆಯರಿಗಾಗಿ ತೆರೆದ ಬಾಲಹತ್ಯಾ ಪ್ರತಿಬಂಧಕ ಗೃಹದ ಹೊಣೆ, ಸತ್ಯಶೋಧಕ ಸಮಾಜದ ಸಂಘಟನೆ ಇವೆಲ್ಲವೂ ಅದರ ಹಿಂದೆ ಇದ್ದವು. ಬರವು ಬಂದಾಗ ಅವರು ಹೊಸದಾಗಿ ನಾಯಕಿಯಾಗಲಿಲ್ಲ; ಮೊದಲೇ ಆಗಿದ್ದ ನಾಯಕಿಯನ್ನು ಬರವು ಎಲ್ಲರ ಕಣ್ಣಿಗೆ ಕಾಣಿಸಿತು.

1890ರ ನವೆಂಬರ 28ರಂದು ಜೋತಿರಾಯರು ತೀರಿಕೊಂಡರು. ಮುಂದೆ ಸಮಾಜದ ಕಾರ್ಯವನ್ನು ಸಾವಿತ್ರಿಬಾಯಿಯವರು ಮುನ್ನಡೆಸಿದರು. 1893ರಲ್ಲಿ ಸಾಸವಡದಲ್ಲಿ ಕೂಡಿದ ಸತ್ಯಶೋಧಕ ಪರಿಷತ್ತಿಗೆ ಅವರೇ ಅಧ್ಯಕ್ಷರು. ಹೀಗಿರಲು 1896ರ ಕೊನೆಗೆ ಮುಂಬಯಿಯಿಂದ ಪ್ಲೇಗು ಪುಣೆಗೆ ಬಂದಿತು. ಅವರ ದತ್ತುಪುತ್ರ ಡಾಕ್ಟರ ಯಶವಂತರು ಊರ ಹೊರಗೆ ಚಿಕಿತ್ಸಾಲಯ ತೆರೆದಾಗ ಅರವತ್ತಾರು ವರ್ಷದ ಸಾವಿತ್ರಿಬಾಯಿಯವರು ರೋಗಿಗಳನ್ನು ಅಲ್ಲಿಗೆ ಸಾಗಿಸುವ ಕೆಲಸಕ್ಕೆ ನಿಂತರು. ಮುಂಢವೆಯ ಅಸ್ಪೃಶ್ಯರ ಕೇರಿಯ ಒಬ್ಬ ರೋಗಪೀಡಿತ ಬಾಲಕನನ್ನು ತಾವೇ ಹೊತ್ತು ತಂದರೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಆ ರೋಗವೇ ಅವರಿಗೂ ತಗಲಿ 1897ರ ಮಾರ್ಚ 10ರಂದು ಅವರು ಕಾಲವಾದರು.

2. ಕೇಡಗಾವದ ‘ಮುಕ್ತಿ’

ಅದೇ 1897ನೆಯ ವರ್ಷ, ಅದೇ ಪುಣೆಯಲ್ಲಿ, ಮತ್ತೊಬ್ಬ ಮಹಿಳೆ ಇನ್ನೊಂದು ರೀತಿಯಲ್ಲಿ ಆಪತ್ತನ್ನು ಎದುರಿಸುತ್ತಿದ್ದರು. ಅವರು ಪಂಡಿತಾ ರಮಾಬಾಯಿ. ನಾವು ಕನ್ನಡಿಗರು ಅವರನ್ನು ಅಭಿಮಾನದಿಂದ ನೆನೆಯಲು ಕಾರಣವುಂಟು. 1858ರ ಏಪ್ರಿಲ್ 23ರಂದು ಅವರು ಜನಿಸಿದ್ದು ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಣ್ಣಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕೆ ಜನರ ಆಕ್ಷೇಪಕ್ಕೆ ಗುರಿಯಾದ ಪಂಡಿತರು. ಮಾತೃಭಾಷೆ ಮರಾಠಿಯಾದರೂ ಊರೂರು ತಿರುಗಿದ ಬಾಲ್ಯದಲ್ಲಿ ರಮಾಬಾಯಿಯವರು ಕನ್ನಡವನ್ನೂ ಮಾತನಾಡಲು ಕಲಿತರು.

ಬರವೆಂದರೆ ಏನೆಂಬುದನ್ನು ಅವರು ಪುಸ್ತಕದಲ್ಲಿ ಓದಿ ತಿಳಿದವರಲ್ಲ. 1870ರ ದಶಕದಲ್ಲಿ ದಕ್ಷಿಣ ದೇಶದ ಕ್ಷಾಮದಲ್ಲಿ ಅವರ ತಂದೆ, ತಾಯಿ, ಅಕ್ಕ ಎಲ್ಲರೂ ಹಸಿವು ಹಾಗೂ ಬೇನೆಗಳಿಂದ ಅಳಿದರು. ಉಳಿದವರು ಅವರೂ ಅಣ್ಣನೂ ಮಾತ್ರ. ಅಣ್ಣ-ತಂಗಿ ಕಾಲ್ನಡಿಗೆಯಲ್ಲಿ ದೇಶವನ್ನು ಸುತ್ತಿ 1878ರಲ್ಲಿ ಕಲಕತ್ತೆಗೆ ಹೋದಾಗ ಅಲ್ಲಿಯ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ಮುಂದೆ ವೈಧವ್ಯ, 1882ರಲ್ಲಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜದ ಸ್ಥಾಪನೆ, ಇಂಗ್ಲಂಡದಲ್ಲಿ ಕ್ರೈಸ್ತಮತದ ಸ್ವೀಕಾರ, ಅಮೇರಿಕೆಯ ಪ್ರವಾಸ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನದ ಆರಂಭ, ಮರುವರ್ಷ ಅದರ ಪುಣೆಯ ಸ್ಥಳಾಂತರ ಹೀಗೆ ಅವರ ಜೀವನ ಸಾಗಿತು. ಮತಾಂತರದ ವಿಷಯವಾಗಿ 1893ರ ಸುಮಾರಿಗೆ ಪುಣೆಯಲ್ಲಿ ದೊಡ್ಡ ವಾದವೆದ್ದು, ಸದನಕ್ಕೆ ಬೆಂಬಲ ಕೊಟ್ಟಿದ್ದ ಹಲವು ಗಣ್ಯರು ದೂರ ಸರಿದರು. ಆ ವಾದದ ಗುಣದೋಷಗಳನ್ನು ತೂಗುವುದು ಈ ಲೇಖನದ ಕಕ್ಷೆಗೆ ಹೊರತಾದುದು. ನಾವು ನೋಡಬೇಕಾದುದು, ಆಪತ್ತು ಬಂದಾಗ ಅವರು ಏನು ಮಾಡಿದರು ಎಂಬುದನ್ನು.

1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಭೀಕರ ಬರ ಬಿದ್ದಿತು. ರಮಾಬಾಯಿಯವರು ಸ್ವತಃ ಅಲ್ಲಿಗೆ ತೆರಳಿ ಪರಿಹಾರ ಕೇಂದ್ರಗಳನ್ನು ಕಣ್ಣಾರೆ ಕಂಡರು. ಅಲ್ಲಿ ಅವರಿಗೆ ಕಂಡದ್ದು ಹಸಿವೊಂದೇ ಅಲ್ಲ. ದಿಕ್ಕಿಲ್ಲದ ಹುಡುಗಿಯರನ್ನು ದುಷ್ಟರು ಹೊಂಚುಹಾಕಿ ಒಯ್ಯುತ್ತಿದ್ದರು. ಸರಕಾರದ ಬರಗಾಲದ ನಿಯಮಾವಳಿಯಲ್ಲಿ ಹೆಂಗಸೆಂದರೆ ಗಂಡಸಿಗಿಂತ ಕಡಿಮೆ ಕೂಲಿಯ ಆಳು, ಇಲ್ಲವೆ ಗಂಜಿ ಹಾಕಬೇಕಾದ ಒಂದು ಬಾಯಿ. ಬರದ ದಿನಗಳಲ್ಲಿ ಹೆಣ್ಣಿಗೆ ಹಸಿವಿನ ಸಂಗಡ ಇನ್ನೊಂದು ಭಯವೂ ಇರುತ್ತದೆಂಬುದನ್ನು ಆ ಲೆಕ್ಕ ಹಿಡಿದಿರಲಿಲ್ಲ. ತಾನೇ ಒಮ್ಮೆ ಬರದಲ್ಲಿ ಅಲೆದ ತರುಣಿಯಾಗಿದ್ದ ರಮಾಬಾಯಿಯವರಿಗೆ ಅದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಅವರು ಸುಮಾರು 300 ಹುಡುಗಿಯರನ್ನೂ ಎಳೆಯ ವಿಧವೆಯರನ್ನೂ ಕರೆತಂದರು.

ಆದರೆ ಕರೆತಂದು ಇರಿಸುವುದೆಲ್ಲಿ? ಪುಣೆಯಲ್ಲಿ ಪ್ಲೇಗಿನ ಕಾಲ. ಊರಲ್ಲಿ ಜನರನ್ನು ಕೂಡಿಹಾಕಲು ಅಧಿಕಾರಿಗಳ ನಿರ್ಬಂಧ. ಆಗ ಉಪಯೋಗಕ್ಕೆ ಬಂದದ್ದು ಪುಣೆಯಿಂದ ಮೂವತ್ತೈದು ಮೈಲಿಯಷ್ಟು ದೂರದ ಕೇಡಗಾವದಲ್ಲಿ ಅವರು ಮೊದಲೇ ಕೊಂಡಿಟ್ಟಿದ್ದ ಹೊಲ. ಸದನದ ಆದಾಯಕ್ಕೆ ಹಣ್ಣಿನ ತೋಟವಾಗಲೆಂದು ತೆಗೆದುಕೊಂಡ ಭೂಮಿಯಲ್ಲಿ ಡೇರೆ, ಗುಡಿಸಲುಗಳೆದ್ದವು, ಬಾವಿಗಳನ್ನು ತೋಡಿಸಲಾಯಿತು, ಅದೇ ‘ಮುಕ್ತಿ ಸದನ’ವಾಯಿತು. 1900ರಲ್ಲಿ ಗುಜರಾತದಲ್ಲಿ ಬರ ಬಿದ್ದಾಗ ಅಲ್ಲಿಂದಲೂ ಹುಡುಗಿಯರು ಬಂದರು. ಆ ಹೊತ್ತಿಗೆ ಮುಕ್ತಿಯಲ್ಲಿ ಇದ್ದವರು ಸುಮಾರು ಒಂದೂವರೆ ಸಾವಿರ ಮಂದಿ. ಬರದಿಂದ ಉಳಿದು ಬಂದವರು ಅಲ್ಲಿ ಅನ್ನ ತಿಂದು ಕುಳಿತಿರಲಿಲ್ಲ. ಒಕ್ಕಲುತನ, ಹೈನು, ನೇಯ್ಗೆ, ಗಾಣ, ಅಚ್ಚುಕೂಟ ಇವೆಲ್ಲ ಕೆಲಸಗಳನ್ನು ಹೆಂಗಸರೇ ಕಲಿತು ಹೆಂಗಸರೇ ನಡೆಯಿಸಿದರು. ಮೊಳೆ ಜೋಡಿಸುವುದು, ಯಂತ್ರ ತಿರುಗಿಸುವುದು, ಪುಸ್ತಕ ಕಟ್ಟುವುದು ಹೆಣ್ಣುಮಕ್ಕಳ ಕೆಲಸವಾದದ್ದು ಆ ಕಾಲಕ್ಕೆ ಅಪೂರ್ವವಾದ ಸಂಗತಿ.

ಅದೇ ವರ್ಷ ರಮಾಬಾಯಿಯವರು ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಪತ್ರ ಬರೆದು, ಪುಣೆಯ ಪ್ಲೇಗು ಆಸ್ಪತ್ರೆ ಮತ್ತು ಶಿಬಿರಗಳಲ್ಲಿ ಹೆಂಗಸರ ರಕ್ಷಣೆಗೆ ತಕ್ಕ ವ್ಯವಸ್ಥೆಯಿಲ್ಲವೆಂದು ಬಹಿರಂಗವಾಗಿ ದೂರಿದರು. ಸದನದಿಂದ ಆಸ್ಪತ್ರೆಗೆ ಒಯ್ಯಲ್ಪಟ್ಟ ಒಬ್ಬ ಹುಡುಗಿ ಕಾಣೆಯಾದುದನ್ನೂ ಎತ್ತಿ ತೋರಿಸಿದರು. ಗವರ್ನರ ಲಾರ್ಡ ಸ್ಯಾಂಡ್‌ಹರ್ಸ್ಟನು ಈ ಆರೋಪವನ್ನು ಅಲ್ಲಗಳೆದನು. ಆದರೂ ಆಳುವವರ ಮತಕ್ಕೇ ಸೇರಿದ ಒಬ್ಬ ಮಹಿಳೆ ಆಳುವವರನ್ನೇ ಲೆಕ್ಕ ಕೇಳಿದಳೆಂಬುದು ಇತಿಹಾಸದಲ್ಲಿ ಉಳಿಯಿತು. ಪರಿಹಾರದ ಕೆಲಸದಲ್ಲಿ ಹೆಂಗಸರು ಇಲ್ಲದೆಡೆ ಪರಿಹಾರವೇ ಹೆಂಗಸರಿಗೆ ಅಪಾಯವಾಗಬಲ್ಲುದು ಎಂಬ ತತ್ತ್ವವನ್ನು ಇಂದು ದೊಡ್ಡ ದೊಡ್ಡ ಸಂಸ್ಥೆಗಳು ಹೇಳುತ್ತವೆ. ರಮಾಬಾಯಿಯವರು ಅದನ್ನು 1897ರಲ್ಲಿಯೇ ಹೇಳಿದ್ದರು.

3. ಮಣ್ಣು ಹೊತ್ತ ದಶಕ

ಈ ಇಬ್ಬರು ಮಹಿಳೆಯರೂ ಅಸಾಮಾನ್ಯರು. ಅಸಾಮಾನ್ಯರ ಚರಿತ್ರೆಯಿಂದ ಸಾಮಾನ್ಯರ ಸ್ಥಿತಿ ಬದಲಾಯಿತೆಂದು ತಿಳಿಯಲಾಗದು. ಮುಂದಿನ ಮುಕ್ಕಾಲು ಶತಮಾನದ ತರುವಾಯ, 1972-73ರ ಬರದಲ್ಲಿ, ಸೊಲ್ಲಾಪುರ ಜಿಲ್ಲೆಯೂ ಸೇರಿದಂತೆ ಮಹಾರಾಷ್ಟ್ರದ ಲಕ್ಷಾಂತರ ಹೆಣ್ಣುಮಕ್ಕಳು ರಸ್ತೆ, ಕೆರೆ, ಒಡ್ಡುಗಳ ಕೆಲಸಕ್ಕೆ ಹೋಗಿ ಮಣ್ಣು ಹೊತ್ತರು, ಖಡಿ ಒಡೆದರು. ನಮ್ಮ ಭಾಗದ ಕನ್ನಡ ಹಳ್ಳಿಗಳಲ್ಲಿ ಆ ದಿನಗಳನ್ನು ಕಂಡ ಅಜ್ಜಿಯಂದಿರು ಇನ್ನೂ ಇದ್ದಾರೆ. ಆ ಬರದ ಅನುಭವದಿಂದ ಬೆಳೆದದ್ದೇ ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಯೋಜನೆ. 1977ರಲ್ಲಿ ಶಾಸನವಾಗಿ 1979ರ ಜನವರಿ 26ರಿಂದ ಜಾರಿಗೆ ಬಂದ ಈ ಯೋಜನೆಯು ಕೇಳಿದವರಿಗೆ ಕೆಲಸ ಕೊಡುವುದು ಸರಕಾರದ ಹೊಣೆಯೆಂದು ಒಪ್ಪಿತು. ಇಡೀ ದೇಶಕ್ಕೆ ಅನ್ವಯಿಸುವಂತೆ 2005ರಲ್ಲಿ ಸಂಸತ್ತು ಮಾಡಿದ ಶಾಸನಕ್ಕೆ ಇದೇ ಮಾದರಿ; ಅದರಲ್ಲಿ ಕೆಲಸ ಪಡೆಯುವವರ ಪೈಕಿ ಕನಿಷ್ಠ ಮೂರರಲ್ಲೊಂದು ಪಾಲು ಮಹಿಳೆಯರಿರಬೇಕೆಂದೂ ಕೂಲಿಯಲ್ಲಿ ಹೆಣ್ಣು-ಗಂಡೆಂಬ ಭೇದ ಕೂಡದೆಂದೂ ಬರೆಯಲಾಯಿತು.

ಇದು ಸಣ್ಣ ಗೆಲುವಲ್ಲ. ಕಡಿಮೆ ಕೂಲಿಯ ಆಳೆಂದು ಬ್ರಿಟಿಷರ ನಿಯಮಾವಳಿ ಎಣಿಸಿದ ಹೆಣ್ಣು, ಹಕ್ಕುಳ್ಳ ಕೆಲಸಗಾರ್ತಿಯಾದಳು. ಆದರೂ ಎಲ್ಲಿ ಕೆರೆಯಾಗಬೇಕು, ಯಾವ ಒಡ್ಡು ಮೊದಲು ಎಂಬ ನಿರ್ಣಯದಲ್ಲಿ ಅವಳ ಮಾತಿಗೆ ಸ್ಥಳವಿರಲಿಲ್ಲ. ಬುಟ್ಟಿ ಅವಳ ತಲೆಯ ಮೇಲೆ, ನಕ್ಷೆ ಬೇರೆಯವರ ಕೈಯಲ್ಲಿ.

4. ಕಿಲ್ಲಾರಿಯ ತರುವಾಯ

1993ರ ಸೆಪ್ಟೆಂಬರ 30ರ ಬೆಳಗಿನ ಜಾವ, ಗಣೇಶ ವಿಸರ್ಜನೆಯನ್ನು ಮುಗಿಸಿ ಜನ ಮಲಗಿದ್ದಾಗ, 3 ಗಂಟೆ 56 ನಿಮಿಷಕ್ಕೆ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಕಂಪನದ ಪ್ರಮಾಣ 6.2. ಲಾತೂರ ಹಾಗೂ ಆಗಿನ ಉಸ್ಮಾನಾಬಾದ, ಈಗಿನ ಧಾರಾಶಿವ, ಜಿಲ್ಲೆಗಳಲ್ಲಿ ಎಂಟರಿಂದ ಹತ್ತು ಸಾವಿರದಷ್ಟು ಜನ ಸತ್ತರು. ಸೊಲ್ಲಾಪುರ, ಕಲಬುರ್ಗಿ, ಬೀದರಗಳಲ್ಲಿಯೂ ಜನ ಎದ್ದು ಬೀದಿಗೆ ಓಡಿದರು. ಇಷ್ಟು ಸಾವಿಗೆ ಕಾರಣ ಭೂಮಿಗಿಂತ ಹೆಚ್ಚಾಗಿ ಮನೆಗಳು. ದುಂಡುಗಲ್ಲನ್ನು ಬರಿಯ ಮಣ್ಣಿನಲ್ಲಿ ಕೂಡಿಸಿದ ದಪ್ಪ ಗೋಡೆ, ಮೇಲೆ ತೊಲೆಗಳ ಮೇಲೆ ವರ್ಷ ವರ್ಷವೂ ಏರಿಸಿದ ಮಣ್ಣಿನ ಮಾಳಿಗೆ. ಬೇಸಿಗೆಗೆ ತಂಪಾದ ಆ ಮನೆಯೇ ಅಂದು ಸಮಾಧಿಯಾಯಿತು.

ಸರಕಾರವು ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಪುನರ್ವಸತಿಯ ಯೋಜನೆಯನ್ನು ಕೈಕೊಂಡಿತು. ಪೂರ್ಣ ನೆಲಸಮವಾದ 52 ಹಳ್ಳಿಗಳನ್ನು ಹೊಸ ಸ್ಥಳಗಳಲ್ಲಿ ಕಟ್ಟುವುದು ಒಂದು ಭಾಗ. ಸಾವಿರಕ್ಕೂ ಮಿಕ್ಕ ಹಳ್ಳಿಗಳಲ್ಲಿ ಬಿರುಕು ಬಿಟ್ಟ ಮನೆಗಳನ್ನು ಇದ್ದಲ್ಲಿಯೇ ದುರಸ್ತಿ ಮಾಡಿ ಬಲಪಡಿಸುವುದು ಇನ್ನೊಂದು ಭಾಗ. ಈ ಎರಡನೆಯ ಭಾಗದಲ್ಲಿ ಗುತ್ತಿಗೆದಾರರಿಲ್ಲ. ಮನೆಯವರೇ ಸಾಮಾನು ಕೊಂಡು ಕೆಲಸ ಮಾಡಿಸಬೇಕು. ಕೆಲಸ ನಡೆದಂತೆ ಹಣ ಕಂತಿನಲ್ಲಿ ಬ್ಯಾಂಕಿಗೆ ಬರುತ್ತದೆ. ಆದರೆ ಇಂಜನಿಯರನು ಹಳ್ಳಿಗೆ ಬಂದರೆ ಮಾತನಾಡುವುದು ಕಟ್ಟೆಯ ಮೇಲಿನ ಗಂಡಸರೊಡನೆ. ಹಗಲೆಲ್ಲ ಮನೆಯ ಬಳಿಯಿದ್ದು ಗೌಂಡಿಯ ಕೆಲಸ ನೋಡುವವಳು ಮನೆಯ ಹೆಂಗಸು. ಅವಳಿಗೆ ಏನೂ ತಿಳಿಸಿಲ್ಲ.

ಈ ಕೊರತೆಯನ್ನು ತುಂಬಲು ಪ್ರೇಮಾ ಗೋಪಾಲನ್ ಅವರ ನೇತೃತ್ವದ ‘ಸ್ವಯಂ ಶಿಕ್ಷಣ ಪ್ರಯೋಗ’ ಎಂಬ ಸಂಸ್ಥೆಯು ಸರಕಾರದ ಒಪ್ಪಿಗೆಯೊಡನೆ ಒಂದು ಏರ್ಪಾಟನ್ನು ಮಾಡಿತು. ಊರೂರಿಗೂ ‘ಸಂವಾದ ಸಹಾಯಕ’ರ ನೇಮಕ, ಆ ಕೆಲಸಕ್ಕೆ ಊರಿನ ಮಹಿಳಾ ಮಂಡಳಗಳ ಹೆಣ್ಣುಮಕ್ಕಳು. ಇವರಲ್ಲಿ ಬಹಳ ಮಂದಿ ಹೆಚ್ಚು ಓದಿದವರಲ್ಲ. ಆದರೆ ಗೋಡೆಯ ಎರಡು ಮುಖಗಳನ್ನು ಕೂಡಿಸಲು ಅಡ್ಡಗಲ್ಲು ಏಕೆ ಬೇಕು, ಕಂಬ-ತೊಲೆಗಳ ಮೂಲೆಗೆ ಕೈಮರ ಕೊಟ್ಟರೆ ಏನು ಲಾಭ, ಮಾಳಿಗೆಯ ಮಣ್ಣನ್ನು ಎಷ್ಟು ಇಳಿಸಬೇಕು ಎಂಬುದನ್ನು ಇವರು ಕಲಿತರು. ಕಲಿತು ನೆರೆಹೊರೆಯವರಿಗೆ ಅವರ ಮಾತಿನಲ್ಲಿಯೇ ತಿಳಿಸಿದರು. ಯಾರಿಗೆ ಎಷ್ಟು ಹಣ ಸಲ್ಲಬೇಕು, ಎಷ್ಟು ಬಂದಿದೆ, ಕಂತು ಏಕೆ ತಡೆದಿದೆ ಎಂದು ಗ್ರಾಮಸಭೆಯಲ್ಲಿ ಕೇಳಿದರು. ಹೊಸ್ತಿಲು ದಾಟಿ ಗ್ರಾಮಸಭೆಗೆ ಬರಲು ಹಿಂಜರಿಯುತ್ತಿದ್ದವರು ಬ್ಯಾಂಕಿನ ಮ್ಯಾನೇಜರರೆದುರು ಕುಳಿತು ಲೆಕ್ಕ ಕೇಳುವವರಾದರು.

ನಮ್ಮ ಮುಖ್ಯ ಪ್ರಶ್ನೆ ಈಗ ಬರುತ್ತದೆ. ಗೋಡೆಗಳು ನಿಂತ ಮೇಲೆ ಇವರೇನಾದರು? ಮನೆಗೆ ಮರಳಿ ಮೊದಲಿನಂತೆ ಸುಮ್ಮನಿದ್ದರೇ? ಇಲ್ಲ. ಆ ಮಂಡಳಗಳು ಉಳಿತಾಯ ಮತ್ತು ಸಾಲದ ಗುಂಪುಗಳಾಗಿ ಮಾರ್ಪಟ್ಟವು. 2001ರ ಜನವರಿ 26ರಂದು ಕಚ್ಛದಲ್ಲಿ ಭೂಕಂಪವಾದಾಗ ಲಾತೂರ ಭಾಗದ ಹೆಂಗಸರು ಅಲ್ಲಿಗೆ ಹೋಗಿ, ತಮ್ಮಂತೆ ನೊಂದ ಹೆಂಗಸರಿಗೆ ತಮ್ಮ ಅನುಭವವನ್ನು ಹೇಳಿಕೊಟ್ಟರು. 2004ರ ಸುನಾಮಿಯ ತರುವಾಯ ತಮಿಳುನಾಡಿನ ಕರಾವಳಿಗೂ ಈ ಅನುಭವ ಮುಟ್ಟಿತು. ಮುಂದೆ ಮರಾಠವಾಡೆಯಲ್ಲಿ ಮೇಲಿಂದ ಮೇಲೆ ಬರ ಬಿದ್ದಿತು. 2016ರ ಏಪ್ರಿಲದಲ್ಲಿ ನಮ್ಮ ಜತ್ತದ ನೆರೆಯ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋದುದನ್ನು ವಾಚಕರು ಮರೆತಿರಲಾರರು. ಆ ಕಾಲದಲ್ಲಿ ಈ ಗುಂಪುಗಳ ಹೆಂಗಸರು ಮನೆಯವರನ್ನು ಒಪ್ಪಿಸಿ ಒಂದು ಎಕರೆಯಷ್ಟು ಹೊಲವನ್ನು ತಮ್ಮ ವಶಕ್ಕೆ ಪಡೆದು, ಹೆಚ್ಚು ನೀರು ಕೇಳುವ ಪೈರಿನ ಬದಲು ಜೋಳ, ಬೇಳೆಕಾಳು, ಕಾಯಿಪಲ್ಲೆಗಳನ್ನು ಬೆಳೆದರು. ಪೇಟೆಯ ಬೆಲೆ ಬಿದ್ದರೂ ಮನೆಯ ಅಡಕಲಿಯಲ್ಲಿ ಕಾಳು ಉಳಿಯಿತು. ಈ ಕಾರ್ಯಕ್ಕೆ 2016ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ‘ಈಕ್ವೇಟರ್’ ಪಾರಿತೋಷಕ ದೊರೆಯಿತು.

ಕಾಕತಾಳೀಯವೋ ಏನೋ, ಸಂವಿಧಾನದ 73ನೆಯ ತಿದ್ದುಪಡಿಯು ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು, ಭೂಕಂಪಕ್ಕೆ ಐದು ತಿಂಗಳ ಹಿಂದೆ. ಪಂಚಾಯತಿಗಳಲ್ಲಿ ಮೂರರಲ್ಲೊಂದು ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ಈ ಪ್ರಮಾಣವನ್ನು ಕರ್ನಾಟಕವು 2010ರಲ್ಲಿ, ಮಹಾರಾಷ್ಟ್ರವು 2011ರಲ್ಲಿ ಅರ್ಧಕ್ಕೆ ಏರಿಸಿದವು. ಒಂದು ಕಡೆ ಆಪತ್ತು ಹೆಣ್ಣಿಗೆ ಕೆಲಸವನ್ನು ಕಲಿಸಿತು. ಇನ್ನೊಂದು ಕಡೆ ಶಾಸನವು ಕುಳಿತುಕೊಳ್ಳಲು ಕುರ್ಚಿಯನ್ನು ಕೊಟ್ಟಿತು. ಎರಡೂ ಕೂಡಿದಲ್ಲಿ ಫಲ ಕಂಡಿತು.

5. ಉಳಿದಿರುವ ಋಣ

ಈ ಪ್ರಸಂಗಗಳನ್ನು ಜೊತೆಗಿಟ್ಟು ನೋಡಿದರೆ ಎರಡು ಮಾತು ಸ್ಪಷ್ಟವಾಗುತ್ತವೆ. ಆಪತ್ತಿನಲ್ಲಿ ಹೆಣ್ಣು ಮುಂದಾಳಾಗಬೇಕಾದರೆ ಆಪತ್ತಿಗೆ ಮೊದಲೇ ಅವಳಿಗೆ ಅಕ್ಷರ, ಸಂಘಟನೆ, ಒಂದಿಷ್ಟು ಸ್ವಂತ ಆಸರೆ ಬೇಕು. ಸಾವಿತ್ರಿಬಾಯಿಯವರಿಗೆ ಸತ್ಯಶೋಧಕ ಸಮಾಜವಿತ್ತು, ರಮಾಬಾಯಿಯವರಿಗೆ ಕೇಡಗಾವದ ಹೊಲವಿತ್ತು, ಕಿಲ್ಲಾರಿಯ ಹೆಂಗಸರಿಗೆ ಮಹಿಳಾ ಮಂಡಳಗಳಿದ್ದವು. ಇನ್ನು, ಆಪತ್ತಿನಲ್ಲಿ ಬಂದ ಅಧಿಕಾರವು ಉಳಿಯಬೇಕಾದರೆ ಅದು ಪದವಿಯಾಗಿ, ಹಕ್ಕಾಗಿ, ಹಣದ ಮೇಲಿನ ಅಧಿಕಾರವಾಗಿ ಮಾರ್ಪಡಬೇಕು. ಹಾಗೆ ಮಾರ್ಪಡದಿದ್ದರೆ ಹೊಗಳಿಕೆ ಮಾತ್ರ ಉಳಿಯುತ್ತದೆ.

ಈ ಎರಡನೆಯ ಮಾತಿಗೆ ಉದಾಹರಣೆ ದೂರವಿಲ್ಲ. 2020ರಲ್ಲಿ ಕೊರೋನಾ ಬಂದಾಗ ಗಡಿಯ ಈಚೆಗೂ ಆಚೆಗೂ ಮನೆ ಮನೆಯ ಬಾಗಿಲಿಗೆ ಹೋಗಿ ರೋಗಿಗಳನ್ನು ಗುರುತಿಸಿದವರು, ಔಷಧ ಮುಟ್ಟಿಸಿದವರು ಆಶಾ ಕಾರ್ಯಕರ್ತೆಯರು. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದ ಈ ಕಾರ್ಯಕರ್ತರೆಲ್ಲರೂ ಮಹಿಳೆಯರೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇವರನ್ನು ಜಾಗತಿಕ ಪ್ರಶಸ್ತಿಯಿಂದ ಗೌರವಿಸಿತು. ಆದರೆ ಸರಕಾರದ ದಫ್ತರದಲ್ಲಿ ಇವರು ಸ್ವಯಂಸೇವಕಿಯರು. ಇವರಿಗೆ ಸಲ್ಲುವುದು ಸಂಬಳವಲ್ಲ, ಗೌರವಧನ. ಸಾವಿತ್ರಿಬಾಯಿಯವರು ರೋಗಿಯನ್ನು ಹೊತ್ತು ನಡೆದು ನೂರಿಪ್ಪತ್ತು ವರ್ಷಗಳು ಕಳೆದರೂ ಹೆಣ್ಣಿನ ಕೆಲಸವನ್ನು ‘ಸೇವೆ’ ಎಂದು ಕರೆದು ಲೆಕ್ಕದಿಂದ ಬಿಡುವ ಪದ್ಧತಿ ಇನ್ನೂ ಮುಗಿದಿಲ್ಲ.

ಶಿಕ್ಷಕರಾದ ನಮ್ಮ ಪಾಲಿಗೂ ಒಂದು ಕರ್ತವ್ಯವುಂಟು. ಮೇಲೆ ಹೇಳಿದ ಚರಿತ್ರೆಯೆಲ್ಲ ಮರಾಠಿ ಹಾಗೂ ಇಂಗ್ಲಿಷ್ ದಾಖಲೆಗಳಿಂದ ತಿಳಿದುದು. ಗಡಿಯ ಕನ್ನಡ ಹಳ್ಳಿಗಳಲ್ಲಿ 1972ರ ಬರದಲ್ಲಿ ಮನೆ ನಡೆಯಿಸಿದ ಹೆಂಗಸರ ಅನುಭವವು ಅವರ ನಾಲಗೆಯ ಮೇಲೆ ಮಾತ್ರ ಇದೆ. ಅವರಿಗೆ ಈಗ ಎಂಬತ್ತರ ಆಚೀಚೆಯ ವಯಸ್ಸು. ಪ್ರತಿ ಶಾಲೆಯ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ತಮ್ಮ ಊರಿನ ಇಬ್ಬರು ಅಜ್ಜಿಯಂದಿರನ್ನು ಕಂಡು, ಯಾವ ಕಾಮಗಾರಿಗೆ ಹೋಗಿದ್ದಿರಿ, ಕೂಲಿ ಎಷ್ಟಿತ್ತು, ಕೂಸನ್ನು ಯಾರ ಬಳಿ ಬಿಟ್ಟಿದ್ದಿರಿ, ಏನು ಉಂಡಿರಿ, ನೀರನ್ನು ಎಲ್ಲಿಂದ ತಂದಿರಿ ಎಂದು ಕೇಳಿ, ಅವರಾಡಿದ ಕನ್ನಡದಲ್ಲಿಯೇ ಬರೆದುಕೊಂಡರೆ ಅದೇ ಒಂದು ಸಂಶೋಧನೆಯಾದೀತು. ಈ ಕೆಲಸವನ್ನು ನಮ್ಮ ಸಂಘವು ಬರುವ ಶೈಕ್ಷಣಿಕ ವರ್ಷದಲ್ಲಿ ಕೈಕೊಳ್ಳಬೇಕೆಂದು ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ.